ನ್ಯಾನೋ ಕೀಮೋ ಗೆಡ್ಡೆಯ ಕೋಶದೊಳಗೆ ಹೋಗುವುದು ಹೇಗೆ? ಎಷ್ಟು ಸುರಕ್ಷಿತ?

ಪ್ರಶ್ನೆ: ನನ್ನ ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಮರುಕಳಿಸಿದೆ. ಮೊದಲ ಸಲ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟಿದ್ದರು. ಈಗ ‘ಲೈಪೋಸೋಮಲ್ ಡಾಕ್ಸೋರುಬಿಸಿನ್’ ಎಂಬ ನ್ಯಾನೋ ಔಷಧ ಕೊಡೋಣ ಎನ್ನುತ್ತಿದ್ದಾರೆ. ಇದು ಕ್ಯಾನ್ಸರ್ ಕೋಶದೊಳಕ್ಕೆ ಮಾತ್ರ ನುಗ್ಗುತ್ತದೆ, ಅಡ್ಡಪರಿಣಾಮ ಇಲ್ಲ ಎಂದು ಎಲ್ಲೋ ಓದಿದೆ. ನಿಜವೇ? ಆ ಕಣಗಳು ಮೈಯಲ್ಲೇ ಉಳಿದುಬಿಡುತ್ತವೆಯೇ? ಜತೆಗೆ ನ್ಯಾನೋ ಕರ್ಕ್ಯುಮಿನ್ ಗುಳಿಗೆ ಕೊಡಬಹುದೇ?
– ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಈ ಕಾಯಿಲೆ ಮರುಕಳಿಸಿದಾಗ ಬಹಳ ವರ್ಷಗಳಿಂದ ಬಳಕೆಯಲ್ಲಿರುವ, ಚೆನ್ನಾಗಿ ಪರೀಕ್ಷೆಗೊಳಗಾದ ಔಷಧವನ್ನೇ ವೈದ್ಯರು ಹೇಳಿದ್ದಾರೆ. ನೀವು ಓದಿದ ಮಾತು ಮಾತ್ರ ಸರಿಯಿಲ್ಲ. ಈ ಔಷಧದ ದೊಡ್ಡ ಗುಣವೆಂದರೆ ಅದು ಹೃದಯದ ಸ್ನಾಯುವಿಗೆ ಅಷ್ಟಾಗಿ ಹೋಗದಿರುವುದು. ಗೆಡ್ಡೆಗೆ ಗುರಿಯಿಟ್ಟು ಹೋಗುವ ಶಕ್ತಿ ಅದಕ್ಕಿಲ್ಲ. ಅದರ ಅಡ್ಡಪರಿಣಾಮಗಳು ಕೂಡ ಕಣ ಮೈಯಲ್ಲಿ ಸಾಗುವ ದಾರಿಯಿಂದಲೇ ಹುಟ್ಟುತ್ತವೆ, ಆದ್ದರಿಂದ ಆ ದಾರಿಯನ್ನು ಮೊದಲು ನೋಡೋಣ.

ಲೈಪೋಸೋಮ್ ಎಂದರೆ ಎರಡು ಪದರದ ಕೊಬ್ಬಿನ ಪೊರೆಯೊಳಗೆ ನೀರು ತುಂಬಿದ ಸೂಕ್ಷ್ಮ ಗುಳ್ಳೆ. ಈ ಔಷಧದಲ್ಲಿ ಅದರ ಅಡ್ಡಳತೆ ಸುಮಾರು 80ರಿಂದ 100 ನ್ಯಾನೋಮೀಟರ್. ಕೆಂಪು ರಕ್ತಕಣ ಇದಕ್ಕಿಂತ ಎಂಬತ್ತು ಪಟ್ಟು ಅಗಲ. ಪೊರೆಯಲ್ಲಿರುವುದು ಸೋಯಾ ಮೂಲದ ಫಾಸ್ಫೋಲಿಪಿಡ್ ಮತ್ತು ಕೊಲೆಸ್ಟರಾಲ್. ಹೊರಮೈಗೆ ಪಾಲಿಎಥಿಲೀನ್ ಗ್ಲೈಕಾಲ್, ಅಂದರೆ ಪೆಗ್ ಎಂಬ ಉದ್ದನೆಯ ಎಳೆಗಳನ್ನು ಅಂಟಿಸಿರುತ್ತಾರೆ. ಔಷಧ ತುಂಬುವ ವಿಧಾನ ಜಾಣತನದ್ದು. ಮೊದಲು ಗುಳ್ಳೆಯೊಳಗೆ ಅಮೋನಿಯಂ ಸಲ್ಫೇಟ್ ಇರುವಂತೆ ಮಾಡಿ, ಹೊರಗಿರುವುದನ್ನು ತೆಗೆದುಹಾಕುತ್ತಾರೆ. ವಿದ್ಯುದಾವೇಶವಿಲ್ಲದ ರೂಪದಲ್ಲಿ ಡಾಕ್ಸೋರುಬಿಸಿನ್ ಪೊರೆ ದಾಟಿ ಒಳಗೆ ಬರುತ್ತದೆ, ಅಲ್ಲಿ ಪ್ರೋಟಾನ್ ಪಡೆದು ಆವೇಶ ಗಳಿಸುತ್ತದೆ. ಆಮೇಲೆ ಹೊರಗೆ ಬರಲಾರದೆ ಸಲ್ಫೇಟ್ ಜತೆ ಸೇರಿ ಹರಳುಗಟ್ಟುತ್ತದೆ. ಹೀಗೆ ಒಂದೊಂದು ಗುಳ್ಳೆಯಲ್ಲಿ 10ರಿಂದ 15 ಸಾವಿರ ಅಣುಗಳು ಕೂರುತ್ತವೆ. ಜೆರುಸಲೆಮ್‌ನಲ್ಲಿ ಬೇರೆನ್‌ಹೋಲ್ಜ್ ಮತ್ತು ಗಬಿಜಾನ್ ರೂಪಿಸಿದ ಈ ಔಷಧಕ್ಕೆ ಅಮೆರಿಕದಲ್ಲಿ 1995ರಲ್ಲಿ, ಏಡ್ಸ್ ರೋಗಿಗಳ ಕಪೋಸಿ ಸಾರ್ಕೋಮಾಕ್ಕೆಂದು, ಒಪ್ಪಿಗೆ ಸಿಕ್ಕಿತು. ಅಂಡಾಶಯದ ಕ್ಯಾನ್ಸರ್‌ಗೆ ಬಂದದ್ದು ಅದರ ನಂತರ.

ಸಾದಾ ಡಾಕ್ಸೋರುಬಿಸಿನ್ ಡ್ರಿಪ್‌ನಲ್ಲಿ ಹೋದರೆ ಕೆಲವೇ ನಿಮಿಷಗಳಲ್ಲಿ ರಕ್ತ ಬಿಟ್ಟು ಹೃದಯ, ಲಿವರ್, ಮೂಳೆಮಜ್ಜೆ ಎಂದು ಎಲ್ಲ ಅಂಗಾಂಶಗಳಿಗೂ ಹರಡುತ್ತದೆ. ಲೈಪೋಸೋಮ್‌ನೊಳಗಿನದು ರಕ್ತದಲ್ಲೇ ಸುತ್ತುತ್ತಿರುತ್ತದೆ, ಅದರ ಅರ್ಧಾಯುಷ್ಯ ಸುಮಾರು 55 ಗಂಟೆ. ಇಲ್ಲಿ ಅಳತೆ ಮುಖ್ಯ. 5.5 ನ್ಯಾನೋಮೀಟರ್‌ಗಿಂತ ಸಣ್ಣ ಕಣ ಕಿಡ್ನಿಯಲ್ಲಿ ಸೋಸಿ ಮೂತ್ರಕ್ಕೆ ಹೋಗುತ್ತದೆ. 200 ದಾಟಿದ್ದನ್ನು ಗುಲ್ಮ (ಸ್ಪ್ಲೀನ್) ಹಿಡಿಯುತ್ತದೆ. ನಡುವಿನವನ್ನೂ ಲಿವರ್‌ನ ಮ್ಯಾಕ್ರೋಫೇಜ್‌ಗಳು, ಅಂದರೆ ಹೊರಗಿನದ್ದನ್ನೆಲ್ಲ ನುಂಗುವ ಕೋಶಗಳು, ಬಿಡುವುದಿಲ್ಲ. ರಕ್ತಕ್ಕೆ ಬಿದ್ದ ಕ್ಷಣದಿಂದಲೇ ಕಣದ ಮೇಲೆ ಪ್ರೋಟೀನುಗಳು ಕೂರುತ್ತವೆ, ಅವೇ ಮ್ಯಾಕ್ರೋಫೇಜ್‌ಗೆ ಗುರುತು. ಪೆಗ್ ಎಳೆಗಳು ಪ್ರೋಟೀನು ಕೂರುವುದನ್ನು ತಗ್ಗಿಸಿ ಕಾಲ ಗಳಿಸಿಕೊಡುತ್ತವೆ.

ಹೃದಯದ ಲೋಮನಾಳಗಳ ಗೋಡೆ ಬಿಗಿ. 100 ನ್ಯಾನೋಮೀಟರ್ ಗುಳ್ಳೆ ಅದನ್ನು ಸುಲಭವಾಗಿ ದಾಟಲಾರದು. ಗೆಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದವು, ಗೋಡೆಯಲ್ಲಿ ಸಂದುಗಳಿರುತ್ತವೆ. ಸೋರಿದ್ದನ್ನು ಹೊರಗೆ ಸಾಗಿಸುವ ದುಗ್ಧರಸ ನಾಳಗಳೂ ಅಲ್ಲಿ ಸರಿಯಿರುವುದಿಲ್ಲ. ಆದ್ದರಿಂದ ದೊಡ್ಡ ಅಣುಗಳು ಅಲ್ಲಿ ಸೋರಿ ನಿಲ್ಲುತ್ತವೆ ಎಂದು ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ 1986ರಲ್ಲಿ ತೋರಿಸಿದರು. ಇಡೀ ನ್ಯಾನೋ ಔಷಧ ಕ್ಷೇತ್ರ ಇದನ್ನೇ ನಂಬಿ ಬೆಳೆಯಿತು, ಸ್ವಲ್ಪ ಅತಿಯಾಗಿಯೇ ನಂಬಿತು. ಇಲಿಯ ಚರ್ಮದಡಿ ಕೆಲವೇ ವಾರಗಳಲ್ಲಿ ಊದಿಕೊಳ್ಳುವ ಗೆಡ್ಡೆಗೂ ಮನುಷ್ಯರಲ್ಲಿ ವರ್ಷಗಟ್ಟಲೆ ಬೆಳೆದ ಗೆಡ್ಡೆಗೂ ಬಹಳ ವ್ಯತ್ಯಾಸವಿದೆ. ಟೊರಾಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ತಂಡ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿತು. ಚುಚ್ಚಿದ ಕಣಗಳಲ್ಲಿ ಗೆಡ್ಡೆ ಸೇರಿದ್ದು ಮಧ್ಯಮ ಲೆಕ್ಕದಲ್ಲಿ ಶೇ 0.7 ಮಾತ್ರ. ಅದೇ ತಂಡ 2020ರಲ್ಲಿ ಮತ್ತೊಂದನ್ನು ತೋರಿಸಿತು: ಸಂದುಗಳು ಎಣಿಸಿದ್ದಕ್ಕಿಂತ ವಿರಳ, ಬಹುಪಾಲು ಕಣಗಳು ರಕ್ತನಾಳದ ಒಳಪದರದ ಕೋಶಗಳ ಮೂಲಕವೇ ಸಾಗಿ ಗೆಡ್ಡೆ ಸೇರುತ್ತವೆ.

ಮನುಷ್ಯರಲ್ಲಿ ಇದು ಗೆಡ್ಡೆಯಿಂದ ಗೆಡ್ಡೆಗೆ ಬದಲಾಗುತ್ತದೆ. ವಿಕಿರಣ ಗುರುತು ಹಾಕಿದ ಪೆಗ್ ಲೈಪೋಸೋಮ್‌ಗಳನ್ನು 17 ರೋಗಿಗಳಿಗೆ ಕೊಟ್ಟು ಸ್ಕ್ಯಾನ್ ಮಾಡಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಕೊಟ್ಟದ್ದರಲ್ಲಿ ತಲೆ-ಕುತ್ತಿಗೆಯ ಗೆಡ್ಡೆಗಳಲ್ಲಿ ಪ್ರತಿ ಕಿಲೋ ಅಂಗಾಂಶಕ್ಕೆ ಸರಾಸರಿ ಶೇ 33ರಷ್ಟು ಸೇರಿದರೆ, ಶ್ವಾಸಕೋಶದಲ್ಲಿ ಶೇ 18, ಸ್ತನದಲ್ಲಿ ಬರೀ ಶೇ 5. ಗೆಡ್ಡೆ ಒಂದು ಕಿಲೋಗಿಂತ ಬಹಳ ಕಡಿಮೆ ತೂಗುವುದರಿಂದ ನಿಜವಾಗಿ ಒಳಸೇರುವುದು ಇದರ ಒಂದು ಚೂರು.

ಇನ್ನು ಕೋಶದೊಳಕ್ಕೆ ಹೋಗುವ ಮಾತು. ಇಷ್ಟು ದೊಡ್ಡ ಕಣ ಕೋಶಪೊರೆಯನ್ನು ತೂರಿಕೊಂಡು ಹೋಗುವುದಿಲ್ಲ, ಕೋಶವೇ ಅದನ್ನು ಒಳಗೆಳೆದುಕೊಳ್ಳಬೇಕು. ಮುಖ್ಯವಾದ ದಾರಿ ಕ್ಲಾಥ್ರಿನ್ ಎಂಬ ಪ್ರೋಟೀನಿನದು. ಕಣವು ಪೊರೆಯ ಗ್ರಾಹಕಕ್ಕೆ, ಅಂದರೆ ಹೊರಗಿನದನ್ನು ಹಿಡಿಯುವ ಪ್ರೋಟೀನಿಗೆ, ಅಂಟಿದಾಗ ಆ ಜಾಗ ಒಳಕ್ಕೆ ಕುಳಿಯಾಗಿ ಬಾಗುತ್ತದೆ, ಒಳಗಿನಿಂದ ಕ್ಲಾಥ್ರಿನ್ ಜಾಲ ಕಟ್ಟುತ್ತದೆ, ಡೈನಮಿನ್ ಎಂಬ ಇನ್ನೊಂದು ಪ್ರೋಟೀನು ಕುಳಿಯ ಕತ್ತನ್ನು ಬಿಗಿದು ಕತ್ತರಿಸುತ್ತದೆ. ಸುಮಾರು 100 ನ್ಯಾನೋಮೀಟರ್‌ನ ಸಂಚಿ ಒಳಗೆ ಬೀಳುತ್ತದೆ. ಕೇವಿಯೋಲೆ ಎಂಬ ಹೂಜಿಯಾಕಾರದ ಕುಳಿಗಳು ಇನ್ನೂ ಚಿಕ್ಕವು, 50ರಿಂದ 80. ಮೂರನೆಯದು ಮ್ಯಾಕ್ರೋಪಿನೋಸೈಟೋಸಿಸ್. ಪೊರೆ ಅಲೆಯಂತೆ ಎದ್ದು ಸುತ್ತಲಿನ ದ್ರವವನ್ನು ಅದರೊಳಗಿರುವ ಎಲ್ಲದರ ಸಮೇತ ಆವರಿಸಿಕೊಳ್ಳುತ್ತದೆ, 200 ನ್ಯಾನೋಮೀಟರ್‌ನಿಂದ ಕೆಲವು ಮೈಕ್ರೋಮೀಟರ್‌ವರೆಗಿನ ಸಂಚಿಗಳಾಗುತ್ತವೆ. ರಾಸ್ ಜೀನಿನಲ್ಲಿ ರೂಪಾಂತರವಿರುವ ಗೆಡ್ಡೆಗಳು, ಮುಖ್ಯವಾಗಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಹೀಗೆ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನನ್ನು ನುಂಗಿ ಆಹಾರ ಮಾಡಿಕೊಳ್ಳುತ್ತವೆ.

ಚಿನ್ನದ ಕಣಗಳನ್ನಿಟ್ಟು 2006ರಲ್ಲಿ ಮಾಡಿದ ಪ್ರಯೋಗದಲ್ಲಿ ಹೀಲಾ ಎಂಬ, ಪ್ರಯೋಗಾಲಯದಲ್ಲಿ ಬೆಳೆಸುವ ಕ್ಯಾನ್ಸರ್ ಕೋಶಗಳು ಅತಿ ಹೆಚ್ಚು ನುಂಗಿದ್ದು 50 ನ್ಯಾನೋಮೀಟರ್‌ನವನ್ನು. ತೀರಾ ಸಣ್ಣ ಕಣ ಪೊರೆಯನ್ನು ಬಾಗಿಸುವಷ್ಟು ಗ್ರಾಹಕಗಳನ್ನು ಹಿಡಿಯಲಾರದು, ತೀರಾ ದೊಡ್ಡದಕ್ಕೆ ಗ್ರಾಹಕಗಳೇ ಸಾಲವು. ಧನ ಆವೇಶದ ಕಣ ಋಣ ಆವೇಶದ ಕೋಶಪೊರೆಗೆ ಬೇಗ ಅಂಟಿ ಬೇಗ ಒಳಹೋಗುತ್ತದೆ. ಆದರೆ ಅದು ಕೆಂಪು ರಕ್ತಕಣಕ್ಕೂ ಅಂಟುತ್ತದೆ, ರಕ್ತನಾಳದ ಗೋಡೆಗೂ ಅಂಟುತ್ತದೆ, ಪೊರೆಗಳನ್ನು ಹರಿಯುತ್ತದೆ. ರಕ್ತಕ್ಕೆ ಕೊಡುವ ಕಣಗಳನ್ನು ಹೆಚ್ಚುಕಡಿಮೆ ತಟಸ್ಥವಾಗಿಡುವುದು ಅದಕ್ಕಾಗಿಯೇ.

ಒಳಗೆ ಹೋದರೆ ಕೆಲಸ ಮುಗಿಯಿತೇ? ಇಲ್ಲ. ಸಂಚಿಯೊಳಗಿನ ಜಾಗ ಕೋಶದ ಲೆಕ್ಕದಲ್ಲಿ ಇನ್ನೂ ಹೊರಗಿನದೇ. ಅದು ಮುಂದೆ ಸಾಗಿದಂತೆ ಪಿಎಚ್ 7.4ರಿಂದ ಸುಮಾರು 6ಕ್ಕೆ, ಕೊನೆಗೆ ಲೈಸೋಸೋಮ್‌ನಲ್ಲಿ 4.5–5ಕ್ಕೆ ಇಳಿಯುತ್ತದೆ. ಅಲ್ಲಿನ ಕಿಣ್ವಗಳು ಸಿಕ್ಕಿದ್ದನ್ನೆಲ್ಲ ಜೀರ್ಣಿಸುತ್ತವೆ. ಆರ್‌ಎನ್‌ಎಯಂಥ ಸರಕು ಅಲ್ಲಿಗೆ ಮುಟ್ಟುವ ಮೊದಲೇ ತಪ್ಪಿಸಿಕೊಳ್ಳಬೇಕು. ಲಿಪಿಡ್ ಕಣಗಳಲ್ಲಿ ಕಳಿಸಿದ ಸಣ್ಣ ಆರ್‌ಎನ್‌ಎಯಲ್ಲಿ ಹೀಗೆ ಪಾರಾಗುವುದು ಶೇ 1ರಿಂದ 2 ಎಂದು 2013ರಲ್ಲಿ ಅಳೆದಿದ್ದಾರೆ. ಡಾಕ್ಸೋರುಬಿಸಿನ್ ಸಣ್ಣ ಅಣು, ಪೊರೆ ದಾಟಿ ಕೋಶಕೇಂದ್ರದ ಡಿಎನ್‌ಎ ತಲುಪಬಲ್ಲದು. ಆದರೆ ದುರ್ಬಲ ಪ್ರತ್ಯಾಮ್ಲವಾದ್ದರಿಂದ ಅದರ ಒಂದಷ್ಟು ಪಾಲು ಲೈಸೋಸೋಮ್‌ನ ಆಮ್ಲದಲ್ಲೇ ಸಿಕ್ಕಿಬೀಳುತ್ತದೆ.

ನಿಮ್ಮ ತಾಯಿಯವರ ಔಷಧದ ವಿಷಯದಲ್ಲಿ ವಿಶೇಷವೊಂದಿದೆ. ಪೆಗ್ ಎಳೆಗಳು ಮ್ಯಾಕ್ರೋಫೇಜ್‌ಗಳಿಂದ ರಕ್ಷಿಸುವಂತೆಯೇ ಕ್ಯಾನ್ಸರ್ ಕೋಶ ಅಂಟದಂತೆಯೂ ತಡೆಯುತ್ತವೆ. ಹಾಗಾಗಿ ಈ ಗುಳ್ಳೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಕೋಶದೊಳಗೆ ಹೋಗುವುದೇ ಇಲ್ಲ. ರಕ್ತನಾಳದಿಂದ ಸೋರಿ ಕೋಶಗಳ ನಡುವಣ ಜಾಗದಲ್ಲಿ ನಿಲ್ಲುತ್ತವೆ. ಅಲ್ಲಿ ದಿನಗಟ್ಟಲೆ ನಿಧಾನವಾಗಿ ಔಷಧ ಸೋರುತ್ತದೆ. ಗೆಡ್ಡೆಯಲ್ಲಿರುವ ಮ್ಯಾಕ್ರೋಫೇಜ್‌ಗಳೂ ಗುಳ್ಳೆ ನುಂಗಿ ಔಷಧವನ್ನು ಹೊರಬಿಡುತ್ತವೆ. ಹೀಗೆ ಬಿಡುಗಡೆಯಾದ ಬರಿ ಅಣು ಕೋಶದೊಳಕ್ಕೆ ಇಳಿಯುತ್ತದೆ.

ಹಾಗಾದರೆ ಗುಳ್ಳೆಗೆ ಕ್ಯಾನ್ಸರ್ ಕೋಶ ಗುರುತಿಸುವ ಪ್ರತಿಕಾಯವನ್ನೇ ಅಂಟಿಸಬಾರದೇ ಎಂದು ಯಾರಿಗಾದರೂ ಅನಿಸುತ್ತದೆ. ಕೆಲವು ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಹೆಚ್ಚಾಗಿರುವ ಹರ್-2 ಪ್ರೋಟೀನನ್ನು ಗುರುತಿಸುವ ಪ್ರತಿಕಾಯ ಅಂಟಿಸಿದ ಲೈಪೋಸೋಮ್‌ಗಳನ್ನು ಇಲಿಗಳಲ್ಲಿ 2006ರಲ್ಲಿ ಪರೀಕ್ಷಿಸಿದಾಗ ಗೆಡ್ಡೆ ಸೇರಿದ ಒಟ್ಟು ಪ್ರಮಾಣ ಬದಲಾಗಲಿಲ್ಲ, ಗೆಡ್ಡೆ ಸೇರಿದವುಗಳಲ್ಲಿ ಕ್ಯಾನ್ಸರ್ ಕೋಶದೊಳಗೆ ಹೋದ ಪಾಲು ಮಾತ್ರ ಸುಮಾರು ಆರು ಪಟ್ಟಾಯಿತು. ರಕ್ತದಿಂದ ಗೆಡ್ಡೆಗೆ ಬರುವ ಹಂತದಲ್ಲಿ ಪ್ರತಿಕಾಯಕ್ಕೆ ಕೆಲಸವೇ ಇಲ್ಲ, ಕೋಶದ ಹತ್ತಿರ ಬಂದ ಮೇಲಷ್ಟೇ ಅದರ ಉಪಯೋಗ. ಅದೇ ಬಗೆಯ ಎಂಎಂ-302 ಎಂಬ ಔಷಧದ ಸ್ತನ ಕ್ಯಾನ್ಸರ್ ಪ್ರಯೋಗವನ್ನು 2016ರಲ್ಲಿ, ರೂಢಿಯ ಚಿಕಿತ್ಸೆಗಿಂತ ಲಾಭ ಕಾಣುವ ಸಾಧ್ಯತೆ ಇಲ್ಲವೆಂದು, ನಿಲ್ಲಿಸಬೇಕಾಯಿತು.

‘ನ್ಯಾನೋಕಣ ಕ್ಯಾನ್ಸರ್ ಕೋಶ ಹೊಕ್ಕಿತು’ ಎಂದು ಪತ್ರಿಕೆಯಲ್ಲಿ ಕಂಡಾಗ ಇದನ್ನು ನೆನಪಿಡಿ. ಅವುಗಳಲ್ಲಿ ಹೆಚ್ಚಿನವು ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಪ್ರಯೋಗಗಳು. ಅಲ್ಲಿ ರಕ್ತನಾಳವಿಲ್ಲ, ಲಿವರ್ ಇಲ್ಲ, ಎಷ್ಟೋ ಸಲ ದ್ರವದಲ್ಲಿ ರಕ್ತದ ಪ್ರೋಟೀನೂ ಇರುವುದಿಲ್ಲ. ಕಣದಿಂದ ಕಳಚಿದ ಬಣ್ಣ ಒಳಗೆ ಹೋದರೂ ಕಣವೇ ಹೋದಂತೆ ಕಾಣುತ್ತದೆ. ಪೊರೆಯ ಹೊರಮೈಗೆ ಅಂಟಿದ್ದೂ ಒಳಗಿದ್ದಂತೆ ತೋರುತ್ತದೆ. ಎಚ್ಚರದ ಸಂಶೋಧಕರು ಅದೇ ಪ್ರಯೋಗವನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲೂ ಮಾಡುತ್ತಾರೆ. ಆ ಚಳಿಯಲ್ಲಿ ಕೋಶ ನುಂಗುವುದನ್ನು ನಿಲ್ಲಿಸುತ್ತದೆ, ಅಂಟುವುದು ಮಾತ್ರ ನಡೆಯುತ್ತದೆ. ಎರಡರ ವ್ಯತ್ಯಾಸವೇ ನಿಜವಾಗಿ ಒಳಹೋದದ್ದು.

ಈಗ ರೋಗಿಗಳ ಲೆಕ್ಕ. ಹರಡಿದ ಸ್ತನ ಕ್ಯಾನ್ಸರ್ ಇದ್ದ 509 ಮಹಿಳೆಯರಲ್ಲಿ ಸಾದಾ ಡಾಕ್ಸೋರುಬಿಸಿನ್ ಮತ್ತು ಪೆಗ್ ಲೈಪೋಸೋಮಲ್ ರೂಪವನ್ನು ಹೋಲಿಸಿದ ಪ್ರಯೋಗ 2004ರಲ್ಲಿ ಪ್ರಕಟವಾಯಿತು. ಬದುಕಿದ ಅವಧಿ ಹೆಚ್ಚುಕಡಿಮೆ ಒಂದೇ, ಸಾದಾದಲ್ಲಿ 22 ತಿಂಗಳು, ಲೈಪೋಸೋಮಲ್‌ನಲ್ಲಿ 21 ತಿಂಗಳು. ಹೃದಯಕ್ಕೆ ಪೆಟ್ಟು ಬೀಳುವ ಅಪಾಯ ಸಾದಾ ಔಷಧದಲ್ಲಿ ಮೂರು ಪಟ್ಟಿಗೂ ಹೆಚ್ಚು. ಕೂದಲುದುರಿದ್ದು ಸಾದಾದಲ್ಲಿ ಶೇ 66, ಲೈಪೋಸೋಮಲ್‌ನಲ್ಲಿ ಶೇ 20. ಆದರೆ ಅಂಗೈ-ಅಂಗಾಲಿನ ಚರ್ಮದ ತೊಂದರೆ ಸಾದಾದಲ್ಲಿ ಶೇ 2, ಲೈಪೋಸೋಮಲ್‌ನಲ್ಲಿ ಶೇ 48. ವಾಹಕ ಬದಲಾದಾಗ ವಿಷ ಮಾಯವಾಗಲಿಲ್ಲ, ಹೃದಯದಿಂದ ಚರ್ಮಕ್ಕೆ ಜಾಗ ಬದಲಿಸಿತು. ಅಮ್ಮನಿಗೆ ಮೊದಲು ಕೊಟ್ಟ ಪ್ಯಾಕ್ಲಿಟ್ಯಾಕ್ಸೆಲ್‌ಗೂ ಆಲ್ಬುಮಿನ್ ಜತೆಗಿನ 130 ನ್ಯಾನೋಮೀಟರ್ ರೂಪವಿದೆ. ಅದರಲ್ಲಿ ಅಲರ್ಜಿಗೆ ಕಾರಣವಾಗುವ ಕ್ರೆಮೊಫೋರ್ ದ್ರಾವಕ ಇಲ್ಲ, ಹಾಗಾಗಿ ಹೆಚ್ಚು ಡೋಸ್ ಕೊಡಬಹುದು. ಆದರೆ ಸ್ತನ ಕ್ಯಾನ್ಸರ್ ಪ್ರಯೋಗದಲ್ಲಿ ತೀವ್ರ ನರಬಾಧೆ ಶೇ 2 ಇದ್ದದ್ದು ಶೇ 10ಕ್ಕೆ ಏರಿತ್ತು.

ಡ್ರಿಪ್ ಹಾಕುವ ದಿನ ಏನಾಗುತ್ತದೆ ನೋಡಿ. ಅಂಡಾಶಯದ ಕ್ಯಾನ್ಸರ್‌ಗೆ ಔಷಧದ ಜತೆ ಬರುವ ಕರಪತ್ರದಲ್ಲಿರುವ ಡೋಸ್ ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ 50 ಮಿ.ಗ್ರಾಂ, ನಾಲ್ಕು ವಾರಕ್ಕೊಮ್ಮೆ. ಚರ್ಮದ ತೊಂದರೆಯ ಕಾರಣಕ್ಕೆ ಬಹಳಷ್ಟು ವೈದ್ಯರು 40 ಕೊಡುತ್ತಾರೆ, ಕಾರ್ಬೋಪ್ಲಾಟಿನ್ ಜತೆಗಾದರೆ 30. ಮೇಲ್ಮೈ 1.5 ಚದರ ಮೀಟರ್ ಇದ್ದವರಿಗೆ 40ರ ಲೆಕ್ಕದಲ್ಲಿ 60 ಮಿ.ಗ್ರಾಂ, ಅಂದರೆ ಪ್ರತಿ ಮಿ.ಲೀ.ಗೆ 2 ಮಿ.ಗ್ರಾಂ ಇರುವ ಕೆಂಪು ದ್ರವ 30 ಮಿ.ಲೀ. ಇದನ್ನು 250 ಮಿ.ಲೀ. ಶೇ 5ರ ಡೆಕ್ಸ್‌ಟ್ರೋಸ್‌ನಲ್ಲೇ ಬೆರೆಸಬೇಕು, ಸಲೈನ್‌ನಲ್ಲಿ ಅಲ್ಲ. ಫಿಲ್ಟರ್ ಇರುವ ಡ್ರಿಪ್ ಸೆಟ್ ಬಳಸುವಂತಿಲ್ಲ. ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಔಷಧ ಕೊಂಡು ನೀವೇ ಒಯ್ಯುವುದಾದರೆ ಮಂಜುಗಡ್ಡೆಗೆ ನೇರವಾಗಿ ತಾಗಿಸಿ ಇಡಬೇಡಿ, ಪೊರೆ ಒಡೆದರೆ ಅದು ಸಾದಾ ಔಷಧದಂತೆ ವರ್ತಿಸುತ್ತದೆ.

ಮೊದಲ ಡ್ರಿಪ್ ನಿಮಿಷಕ್ಕೆ 1 ಮಿ.ಗ್ರಾಂ ವೇಗದಲ್ಲಿ ಶುರುವಾಗಬೇಕು. ಅವಸರ ಮಾಡಿದರೆ ಮೊದಲ ನಿಮಿಷಗಳಲ್ಲೇ ಮುಖ ಕೆಂಪೇರುವುದು, ಬೆನ್ನು ನೋವು, ಎದೆ ಬಿಗಿತ, ಉಸಿರಾಟದ ಕಷ್ಟ, ಬಿಪಿ ಇಳಿಯುವುದು ಆಗಬಹುದು. ಘನ ಗೆಡ್ಡೆಯ ರೋಗಿಗಳಲ್ಲಿ ಸುಮಾರು ಶೇ 11 ಮಂದಿಗೆ ಇಂಥದ್ದು ಕಂಡಿದೆ, ಬಹುತೇಕ ಮೊದಲ ಸಲವೇ. ಗುಳ್ಳೆಯ ಮೇಲ್ಮೈ ರಕ್ತದಲ್ಲಿನ ಕಾಂಪ್ಲಿಮೆಂಟ್ ಎಂಬ ರೋಗನಿರೋಧಕ ಪ್ರೋಟೀನುಗಳನ್ನು ಕೆರಳಿಸುವುದೇ ಕಾರಣ, ಹಾಗಾಗಿ ಇದಕ್ಕೆ ಹಿಂದಿನ ಅಲರ್ಜಿ ಇರಬೇಕೆಂದೇನಿಲ್ಲ. ಬೆನ್ನು ಹಿಡಿದಂತೆ ಆಗುತ್ತಿದೆ ಎಂದು ಅಮ್ಮ ಹೇಳಿದರೆ ಮಲಗಿದ್ದಕ್ಕೆ ಇರಬಹುದು ಎಂದು ಸುಮ್ಮನಾಗಬೇಡಿ, ಕೂಡಲೇ ನರ್ಸ್‌ನ್ನು ಕರೆಯಿರಿ. ಡ್ರಿಪ್ ನಿಲ್ಲಿಸಿದರೆ ಹೆಚ್ಚಿನವರಿಗೆ ಇಳಿಯುತ್ತದೆ. ತೀವ್ರವಾಗಿರದಿದ್ದರೆ ಮತ್ತೆ ಇನ್ನೂ ನಿಧಾನವಾಗಿ ಕೊಡುತ್ತಾರೆ. ಡ್ರಿಪ್ ಮುಗಿದ ಮೇಲೆ ಒಂದೆರಡು ದಿನ ಮೂತ್ರ ಕೆಂಪು-ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಅದು ರಕ್ತವಲ್ಲ, ಔಷಧದ ಬಣ್ಣ.

ಅಂಗೈ-ಅಂಗಾಲಿನ ಉರಿ ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ಸುತ್ತಿನ ಹೊತ್ತಿಗೆ ಕಾಣುತ್ತದೆ. ಮೊದಲು ಜುಮುಗುಡುವಿಕೆ, ಆಮೇಲೆ ಕೆಂಪು, ಊತ, ಕೆಲವರಿಗೆ ಬೊಬ್ಬೆ. ರಕ್ತದಲ್ಲಿ ದಿನಗಟ್ಟಲೆ ಸುತ್ತುವ ಗುಳ್ಳೆಗಳು ಒತ್ತಡ, ಉಜ್ಜಾಟ, ಬಿಸಿ ಇರುವಲ್ಲಿ ಲೋಮನಾಳಗಳಿಂದ ಸೋರುತ್ತವೆ, ಬೆವರಿನೊಂದಿಗೂ ಚರ್ಮಕ್ಕೆ ಬರುತ್ತವೆ. ಆದ್ದರಿಂದ ಡ್ರಿಪ್ ಆದ ಮೊದಲ ವಾರ ಹಂಡೆಯ ಬಿಸಿನೀರಿನ ಸ್ನಾನ ಬೇಡ, ಉಗುರುಬೆಚ್ಚಗಿನ ನೀರು ಸಾಕು. ರೊಟ್ಟಿ ತಟ್ಟುವುದನ್ನು ಬೇರೆಯವರಿಗೆ ಬಿಡಬೇಕು, ಅದರಲ್ಲಿ ಅಂಗೈಗೆ ಪೆಟ್ಟೂ ಇದೆ, ಬಿಸಿಯೂ ಇದೆ. ಬಟ್ಟೆ ಹಿಂಡುವುದು, ಪಾತ್ರೆ ಉಜ್ಜುವುದು, ಬರಿಗಾಲಲ್ಲಿ ಬಿಸಿ ನೆಲದ ಮೇಲೆ ಓಡಾಡುವುದು, ಬಿಗಿ ಚಪ್ಪಲಿ, ಬಿಗಿ ಬಳೆ, ಸೀರೆಯ ಒಳಲಂಗದ ಬಿಗಿ ಲಾಡಿ ಎಲ್ಲವೂ ತೊಂದರೆ ಕೊಡುತ್ತವೆ. ಡ್ರಿಪ್ ನಡೆಯುವಾಗ ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕನ್ನು ಕೈಕಾಲಿಗೆ ಇಡುವ ಪದ್ಧತಿ ಕೆಲವೆಡೆ ಇದೆ, ಡೇ ಕೇರ್‌ನಲ್ಲಿ ಕೇಳಿ ನೋಡಿ. ಬಿ6 ಮಾತ್ರೆಯನ್ನು ಅನೇಕರು ಬರೆದುಕೊಡುತ್ತಾರೆ, ಆದರೆ ಈ ಔಷಧದ ಜತೆ ಹೋಲಿಸಿ ಪರೀಕ್ಷಿಸಿದಾಗ ಅದರಿಂದ ಲಾಭ ಕಾಣಲಿಲ್ಲ. ಬೊಬ್ಬೆ ಬಂದರೆ ಮುಂದಿನ ಸುತ್ತನ್ನು ಎರಡು ವಾರದವರೆಗೆ ಮುಂದೂಡುತ್ತಾರೆ ಅಥವಾ ಡೋಸ್ ತಗ್ಗಿಸುತ್ತಾರೆ. ಮುಂದೂಡಿದರೆ ಕಾಯಿಲೆ ಹೆಚ್ಚೀತೆಂದು ಉರಿಯನ್ನು ಮುಚ್ಚಿಡುವವರಿದ್ದಾರೆ. ಅಮ್ಮ ಹಾಗೆ ಮಾಡದಂತೆ ನೋಡಿಕೊಳ್ಳಿ.

ಹೃದಯದ ಅಪಾಯ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಡಾಕ್ಸೋರುಬಿಸಿನ್ ಸೇರಿದ ಆಂಥ್ರಾಸೈಕ್ಲಿನ್ ಗುಂಪಿನ ಔಷಧಗಳ ಒಟ್ಟು ಡೋಸ್ ಚದರ ಮೀಟರ್‌ಗೆ 450–550 ಮಿ.ಗ್ರಾಂ ತಲುಪಿದಾಗ ಶೇ 11 ಮಂದಿಯಲ್ಲಿ ಹೃದಯದ ತೊಂದರೆ ಕಂಡಿದೆ. ನಿಮ್ಮ ತಾಯಿಯವರಿಗೆ ಮೊದಲು ಕೊಟ್ಟ ಎರಡೂ ಔಷಧಗಳು ಈ ಗುಂಪಿನವಲ್ಲ, ಆದ್ದರಿಂದ ಲೆಕ್ಕ ಸೊನ್ನೆಯಿಂದ ಶುರು. 40ರಂತೆ ಆರು ಸುತ್ತಾದರೆ 240. ಶುರುವಿಗೆ ಮೊದಲು ಹೃದಯದ ಎಕೋ ಸ್ಕ್ಯಾನ್ ಮಾಡಿಸಿ. ವರ್ಷಕ್ಕಿಂತ ಹೆಚ್ಚು ಕಾಲ ಇದನ್ನು ಪಡೆದವರಲ್ಲಿ ಬಾಯಿ ಕ್ಯಾನ್ಸರ್ ವರದಿಯಾಗಿರುವುದರಿಂದ ಮಾಗದ ಬಾಯಿಹುಣ್ಣನ್ನು ವೈದ್ಯರಿಗೆ ತೋರಿಸಬೇಕು. ಎಲೆ-ಅಡಿಕೆ ಜತೆ ತಂಬಾಕು ಹಾಕುವ ಅಭ್ಯಾಸವಿದ್ದರೆ ಈಗಲೇ ಬಿಡಿಸಿ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರಕ್ಕೆ ಮನೆಯಲ್ಲಿ ಕಾಯುವಂತಿಲ್ಲ, ಬಿಳಿ ರಕ್ತಕಣ ಇಳಿದಿರಬಹುದು.

ಕಣಗಳು ಉಳಿಯುತ್ತವೆಯೇ ಎಂದು ಕೇಳಿದ್ದೀರಿ. ಲೈಪೋಸೋಮ್‌ನ ಕೊಬ್ಬು ಮತ್ತು ಕೊಲೆಸ್ಟರಾಲ್ ಬಹುಪಾಲು ಲಿವರ್‌ನಲ್ಲಿ ಮುರಿದು ದೇಹದ ಸಾಮಾನ್ಯ ಕೊಬ್ಬಿನ ಜತೆ ಸೇರಿಹೋಗುತ್ತವೆ. ಚಿನ್ನ, ಸಿಲಿಕಾದಂಥ ಗಟ್ಟಿ ಕಣಗಳ ವಿಷಯ ಬೇರೆ. ಕಿಡ್ನಿ ಸೋಸಲಾರದ ಗಾತ್ರದ ಚಿನ್ನದ ಕಣ ಲಿವರ್‌ನ ಮ್ಯಾಕ್ರೋಫೇಜ್‌ಗಳಲ್ಲಿ ತಿಂಗಳುಗಟ್ಟಲೆ ಕೂತಿರುವುದನ್ನು ಪ್ರಾಣಿಗಳಲ್ಲಿ ಕಂಡಿದ್ದಾರೆ. ಭಾರತದಲ್ಲಿ ಇಂಥ ಔಷಧಗಳನ್ನು ಹೇಗೆ ಪರೀಕ್ಷಿಸಬೇಕೆಂಬ ಮಾರ್ಗಸೂಚಿಯನ್ನು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ಹೊರತಂದಿತು.

ಬಾಟಲಿಯ ಮೇಲಿನ ಹೆಸರನ್ನು ಪ್ರತಿ ಸಲವೂ ಓದಿ. ‘ಲೈಪೋಸೋಮಲ್’ ಇದೆಯೇ ಇಲ್ಲವೇ ಎಂಬುದು ಸಣ್ಣ ವಿಷಯವಲ್ಲ, ಎರಡರ ಡೋಸ್ ಮತ್ತು ಕೊಡುವ ಕ್ರಮ ಬೇರೆ. 2021ರ ಕಪ್ಪು ಶಿಲೀಂಧ್ರದ ಸಮಯದಲ್ಲಿ ಎಲ್ಲರೂ ಹೆಸರು ಕೇಳಿದ ಆಂಫೋಟೆರಿಸಿನ್‌ನಲ್ಲೂ ಹೀಗೆಯೇ: ಲೈಪೋಸೋಮಲ್ ರೂಪ ಕಿಲೋಗೆ 3ರಿಂದ 5 ಮಿ.ಗ್ರಾಂ ಅಥವಾ ಇನ್ನೂ ಹೆಚ್ಚು ಕೊಡುತ್ತಾರೆ, ಸಾದಾ ರೂಪ 1.5 ದಾಟಿದರೆ ಪ್ರಾಣಾಪಾಯ. ಚಿಕಿತ್ಸೆಯ ನಡುವೆ ಕಂಪನಿ ಬದಲಾಯಿಸಬೇಕಾದರೂ ವೈದ್ಯರಿಗೆ ಹೇಳಿಯೇ ಬದಲಾಯಿಸಿ.

ನ್ಯಾನೋ ಕರ್ಕ್ಯುಮಿನ್ ಬೇಡ. ಅಡುಗೆಯ ಅರಿಶಿನಕ್ಕೆ ಅಡ್ಡಿಯಿಲ್ಲ. ಆದರೆ ಹೀರಿಕೆ ಹೆಚ್ಚಿಸಲೆಂದೇ ತಯಾರಿಸಿದ ಅರಿಶಿನದ ಗುಳಿಗೆಗಳಿಂದ ಲಿವರ್‌ಗೆ ಹಾನಿಯಾದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಡಾಕ್ಸೋರುಬಿಸಿನ್ ದೇಹದಿಂದ ಹೊರಹೋಗುವುದು ಮುಖ್ಯವಾಗಿ ಲಿವರ್ ಮೂಲಕ. ಲಿವರ್ ಸ್ಥಿತಿ ತಿಳಿಸುವ ರಕ್ತದ ಬಿಲಿರುಬಿನ್ ಪ್ರತಿ ಡೆಸಿಲೀಟರ್‌ಗೆ 1.2 ಮಿ.ಗ್ರಾಂ ಮುಟ್ಟಿದರೆ ಡೋಸ್ ತಗ್ಗಿಸಬೇಕಾಗುತ್ತದೆ. ಈಗಾಗಲೇ ಕೊಡುತ್ತಿದ್ದರೆ ನಿಲ್ಲಿಸಿ, ಆ ಡಬ್ಬಿಯನ್ನೇ ಮುಂದಿನ ಭೇಟಿಗೆ ಒಯ್ದು ವೈದ್ಯರಿಗೆ ತೋರಿಸಿ. ಲಿವರ್ ಪರೀಕ್ಷೆಯಲ್ಲಿ ಅಂಕಿ ಏರಿದ್ದರೆ ಕಾರಣ ಹುಡುಕಲು ಅವರಿಗೆ ಅದು ಬೇಕಾಗುತ್ತದೆ.